ಮನೆವಾರ್ತೆಯ ವಿಜ್ಞಾನ: ಫೋನಿನೊಳಗಣ ಉಗ್ರಾಣ

ಸಂಸಾರವನ್ನು ನಡೆಯಿಸಬಲ್ಲವರಿಗೆ ಉಗ್ರಾಣದ ಪ್ರಯೋಜನವನ್ನು ನಾವು ಹೇಳಬೇಕಾದುದಿಲ್ಲ. ಉಪ್ಪು ಬೇಕೆಂದಾಗಲೆಲ್ಲ ಅಂಗಡಿಗೆ ಓಡುವ ಮನೆಯಲ್ಲಿ ಅಡಿಗೆ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಹಾಗೆಂದು ಹಾಲನ್ನೂ ಸೊಪ್ಪನ್ನೂ ತಿಂಗಳಿಗಾಗುವಷ್ಟು ತಂದು ತುಂಬಿಟ್ಟುಕೊಂಡ ಮನೆಯವರು ಉಣ್ಣುವುದು ಹಳಸಿದ್ದನ್ನೇ. ಯಾವುದನ್ನು ಎಷ್ಟು ದಿನ ಇಡಬಹುದು, ಯಾವುದನ್ನು ಮೂಸಿ ನೋಡಿದ ಮೇಲೆ ಬಳಸಬೇಕು, ಯಾವುದನ್ನು ಇಡಲೇ ಕೂಡದು ಎಂಬ ಈ ಮೂರು ವಿವೇಕಗಳೇ ಉಗ್ರಾಣಶಾಸ್ತ್ರದ ಸಾರ. ಇಂದು ಮನೆಮನೆಯಲ್ಲಿರುವ ಫೋನಿನೊಳಗೂ ಇಂಥದೇ ಒಂದು ಉಗ್ರಾಣವುಂಟು. ಜಾಲಪುಟಗಳನ್ನು ತಂದು ತೋರಿಸುವ ಬ್ರೌಸರೆಂಬ ತಂತ್ರಾಂಶವು ಅದರ ಉಗ್ರಾಣಿ. ಈ ಉಗ್ರಾಣಕ್ಕೆ ಕ್ಯಾಷ್ ಎಂದು ಹೆಸರು. ನಗದು ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಚ್ಚಿಡುವುದೆಂಬ ಅರ್ಥವುಳ್ಳ ಫ್ರೆಂಚ್ ಮಾತೊಂದರಿಂದ ಈ ಪದವು ಬಂದಿದೆ.

ಇದನ್ನು ತಿಳಿದು ನಮಗೆ ಆಗಬೇಕಾದುದೇನೆಂದು ಕೇಳುವವರಿರಬಹುದು. ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ವಾಸಮಾಡುವವರಿಗೆ ಉತ್ತರವನ್ನು ಬಹುದೂರ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಕಪಿಲೆಯ ಸುದ್ದಿಯು ಈಗ ಬಹುಮಟ್ಟಿಗೆ ಫೋನಿನ ಮೂಲಕವೇ ಮನೆಗೆ ಬರುತ್ತದೆ. ತೆರೆಯ ಮೇಲೆ ಕಾಣುವ ಅಂಕಿ ಈ ಹೊತ್ತಿನದೋ, ನಿನ್ನೆ ಉಗ್ರಾಣದಲ್ಲಿಟ್ಟ ತಂಗಳೋ ಎಂಬುದು ತಿಳಿಯದಿದ್ದರೆ, ಹೊಳೆಯ ದಡದ ಮನೆಯವರಿಗೆ ಅದು ಸಣ್ಣ ವಿಷಯವಲ್ಲ. ಆದುದರಿಂದ ಈ ತಿಂಗಳು ಈ ಉಗ್ರಾಣದ ಬಾಗಿಲನ್ನು ತೆರೆದು ನೋಡೋಣ.

ಮೊದಲನೆಯದಾಗಿ, ಜಾಲಪುಟವೆಂದರೆ ಒಂದೇ ಹಾಳೆಯೆಂದು ಭಾವಿಸಕೂಡದು. ಬರೆಹವು ಒಂದು ಕಡತ. ಅದರ ಅಂದಚೆಂದಗಳನ್ನು ವಿಧಿಸುವುದು ಇನ್ನೊಂದು. ಗುಂಡಿಯೊತ್ತಿದಾಗ ಕೆಲಸ ಮಾಡಿಸುವುದು ಮತ್ತೊಂದು. ಪ್ರತಿಯೊಂದು ಚಿತ್ರಕ್ಕೂ ಬೇರೆಬೇರೆ ಕಡತ. ಕನ್ನಡ ಅಕ್ಷರಗಳ ಅಚ್ಚುಮೊಳೆಗಳಂತಿರುವ ಫಾಂಟಿಗೆ ಬೇರೊಂದು. ಹೀಗೆ ಹಲವು ಹತ್ತು ಕಡತಗಳು ಕೂಡಿ ಒಂದು ಪುಟವಾಗುತ್ತದೆ. ಇವೆಲ್ಲವೂ ಸರ್ವರೆಂಬ ದೂರದ ಕಂಪ್ಯೂಟರಿನಲ್ಲಿ ಇರುತ್ತವೆ. ಅದು ಬೆಂಗಳೂರಿನಲ್ಲಿರಬಹುದು, ಸಮುದ್ರದಾಚೆಯೂ ಇರಬಹುದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುತ್ತದೆ. ದಾರಿಯು ೧೪,೦೦೦ ಕಿಲೋಮೀಟರೆಂದು ಇಟ್ಟುಕೊಂಡರೆ, ಹೋಗಿಬರುವುದಕ್ಕೇ ಸೆಕೆಂಡಿನ ಏಳನೆಯ ಒಂದು ಭಾಗ ಬೇಕು. ಇದು ಬೆಳಕೂ ಮೀರಲಾರದ ಕನಿಷ್ಠಕಾಲ; ನಡುವಣ ಕಟ್ಟೆಗಳಲ್ಲಿ ನಿಂತು ಬರುವುದರಿಂದ ವಾಸ್ತವವಾಗಿ ಇನ್ನೂ ಹೆಚ್ಚು ಹಿಡಿಯುತ್ತದೆ. ಒಂದು ಕಡತವು ಬಂದ ಮೇಲೆಯೇ ಇನ್ನೊಂದು ಬೇಕೆಂಬುದು ಗೊತ್ತಾಗುವ ಸಂದರ್ಭಗಳೂ ಉಂಟಾದ ಕಾರಣ, ಈ ಪ್ರಯಾಣಗಳು ಒಂದರ ಹಿಂದೊಂದು ಸೇರಿ ನೋಡುವವರ ತಾಳ್ಮೆಯನ್ನು ತಿನ್ನುತ್ತವೆ. ಇದಲ್ಲದೆ ತಂದದ್ದನ್ನೇ ಮತ್ತೆ ಮತ್ತೆ ತಂದರೆ ಡೇಟಾದ ಖರ್ಚೂ ಹೆಚ್ಚುತ್ತದೆ. ಆದುದರಿಂದ ಬ್ರೌಸರು ಒಮ್ಮೆ ತಂದ ಕಡತದ ಪ್ರತಿಯನ್ನು ಫೋನಿನಲ್ಲಿಯೇ ಇಟ್ಟುಕೊಂಡು, ಮುಂದಿನ ಸಲ ಅಲ್ಲಿಂದಲೇ ಬಡಿಸುತ್ತದೆ.

ಎಷ್ಟು ಕಾಲ ಇಡಬೇಕೆಂಬುದನ್ನು ನಿರ್ಣಯಿಸುವವರು ಯಾರು? ಸರ್ವರು ಕಡತವನ್ನು ಕಳುಹಿಸುವಾಗ ಲಕೋಟೆಯ ಮೇಲೆ ಬರೆದಂತೆ ಕೆಲವು ಷರಾಗಳನ್ನು ಬರೆದಿರುತ್ತದೆ. ಓದುವವರಿಗೆ ಅವು ಕಾಣುವುದಿಲ್ಲ. ಬ್ರೌಸರು ಮಾತ್ರ ಓದುತ್ತದೆ. ಅವುಗಳಲ್ಲಿ ಕ್ಯಾಷ್-ಕಂಟ್ರೋಲ್ ಎಂಬುದೊಂದು ಸಾಲು. ಅದರಲ್ಲಿ ಮ್ಯಾಕ್ಸ್-ಏಜ್, ಎಂದರೆ ಪರಮಾಯುಸ್ಸು, ಸೆಕೆಂಡುಗಳಲ್ಲಿ ಬರೆದಿರುತ್ತದೆ. ೩,೬೦೦ ಎಂದಿದ್ದರೆ ಒಂದು ಗಂಟೆ. ೮೬,೪೦೦ ಎಂದಿದ್ದರೆ ಒಂದು ದಿನ. ೩,೧೫,೩೬,೦೦೦ ಎಂದಿದ್ದರೆ ೩೬೫ ದಿನಗಳ ಪೂರ್ಣ ವರ್ಷ. ಆ ಅವಧಿ ಮುಗಿಯುವವರೆಗೆ ಬ್ರೌಸರು ಸರ್ವರನ್ನು ಒಂದು ಮಾತೂ ಕೇಳದೆ ತನ್ನಲ್ಲಿರುವ ಪ್ರತಿಯನ್ನೇ ಕೊಡಬಹುದು. ನಮ್ಮ ಮನೆಗಳ ಪಂಚಾಂಗವು ಇದಕ್ಕೆ ಒಳ್ಳೆಯ ನಿದರ್ಶನ. ಯುಗಾದಿಯಂದು ತಂದ ಪಂಚಾಂಗವನ್ನು ಮುಂದಣ ಯುಗಾದಿಯವರೆಗೂ ನಿಶ್ಚಿಂತೆಯಿಂದ ನೋಡುತ್ತೇವೆ. ಏಕಾದಶಿ ಎಂದೆಂದು ತಿಂಗಳು ತಿಂಗಳೂ ಜೋಯಿಸರ ಮನೆಗೆ ಹೋಗಿ ಕೇಳುವುದಿಲ್ಲ. ತರಕಾರಿಯ ಧಾರಣೆಯನ್ನಾದರೋ ನಿನ್ನೆಯದನ್ನು ನಂಬಿ ಇಂದು ಸಂತೆಗೆ ಹೋಗುವವರಿಲ್ಲ. ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ಆಯುಸ್ಸನ್ನು ಗೊತ್ತುಮಾಡುವುದು ಪುಟವನ್ನು ನಿರ್ಮಿಸಿದವರ ಧರ್ಮ.

ಅವರು ಈ ಧರ್ಮವನ್ನು ಮರೆತು ಯಾವ ಷರಾವನ್ನೂ ಬರೆಯದೆ ಬಿಟ್ಟರೆ? ಆಗ ಬ್ರೌಸರು ಅನುಭವಸ್ಥ ಗೃಹಿಣಿಯಂತೆ ಅಂದಾಜು ಮಾಡುತ್ತದೆ. ಕಡತವು ಕಡೆಯ ಬಾರಿ ಬದಲಾಗಿ ಎಷ್ಟು ಕಾಲವಾಗಿದೆಯೋ ಅದರ ಹತ್ತನೆಯ ಒಂದು ಭಾಗವನ್ನು ಆಯುಸ್ಸಾಗಿ ಹಿಡಿಯುವುದು ಸಾಮಾನ್ಯ ಪದ್ಧತಿ. ನೂರು ದಿನಗಳಿಂದ ಬದಲಾಗದ ಚಿತ್ರವನ್ನು ಇನ್ನು ಹತ್ತು ದಿನ ಕೇಳದೆಯೇ ಬಳಸಬಹುದೆಂಬುದು ಇದರ ತರ್ಕ. ಅಂದಾಜು ಬಹಳ ಸಲ ಸರಿಯಾಗಿರುತ್ತದೆ. ಆದರೆ ವರ್ಷವೆಲ್ಲ ಸುಮ್ಮನಿದ್ದು ಒಂದೇ ದಿನ ಹಠಾತ್ತಾಗಿ ಬದಲಾಗುವ ವಿಷಯಗಳಲ್ಲಿ ಅದು ಕೈಕೊಡುವುದೂ ಉಂಟು.

ಇನ್ನು ಅವಧಿ ತೀರಿದ ಪ್ರತಿಯ ಗತಿಯೇನು? ಇಲ್ಲಿಯೇ ಈ ಏರ್ಪಾಡಿನ ಜಾಣತನವಿರುವುದು. ಅವಧಿ ತೀರಿದ ಮಾತ್ರಕ್ಕೆ ವಸ್ತು ಕೆಟ್ಟಿತೆಂದಲ್ಲ. ವಿಚಾರಿಸದೆ ಬಳಸಕೂಡದೆಂದು ಮಾತ್ರ ಅರ್ಥ. ತಿರುಮಕೂಡಲಿನಲ್ಲಿರುವ ಯಜಮಾನರೊಬ್ಬರ ಬಳಿ ನಂಜನಗೂಡಿನ ದೊಡ್ಡ ಜಾತ್ರೆಯ ಕಾರ್ಯಕ್ರಮಪತ್ರಿಕೆಯ ಪ್ರತಿಯಿದೆ ಎಂದು ಭಾವಿಸೋಣ. ಪತ್ರಿಕೆ ಬಂದು ಹದಿನೈದು ದಿನಗಳಾದುವು. ರಥೋತ್ಸವದ ಹೊತ್ತು ಬದಲಾಗಿದೆಯೋ ಏನೋ. ಅವರು ನಂಜನಗೂಡಿನಲ್ಲಿರುವ ತಮ್ಮ ಅಕ್ಕನ ಗಂಡನಿಗೆ ಫೋನು ಮಾಡಿ, “ಭಾವನವರೇ, ನನ್ನ ಹತ್ತಿರವಿರುವ ಪತ್ರಿಕೆಯ ಮೂಲೆಯಲ್ಲಿ ಮೂರನೆಯ ಮುದ್ರಣವೆಂದು ಇದೆ. ಈಗಲೂ ಅದೇ ತಾನೆ?” ಎಂದು ಕೇಳುತ್ತಾರೆ. “ಅದೇ ಕಣಯ್ಯಾ, ಬದಲಾಗಿಲ್ಲ” ಎಂದು ಉತ್ತರ ಬಂದರೆ ಮುಗಿಯಿತು. ಕೈಯಲ್ಲಿರುವುದನ್ನೇ ಹೊಸದರಂತೆ ಬಳಸಬಹುದು. ಬದಲಾಗಿದ್ದರೆ ಭಾವನವರು ನಾಲ್ಕನೆಯ ಮುದ್ರಣದ ಪ್ರತಿಯನ್ನೇ ಕಳುಹಿಸುತ್ತಾರೆ. ಇಡೀ ಪತ್ರಿಕೆಯನ್ನು ಫೋನಿನಲ್ಲಿ ಓದಿ ಹೇಳಬೇಕಾದ ಶ್ರಮ ಯಾವ ಪಕ್ಷದಲ್ಲಿಯೂ ಇಲ್ಲ.

ಬ್ರೌಸರೂ ಸರ್ವರೂ ಮಾಡುವುದು ಅಕ್ಷರಶಃ ಇದನ್ನೇ. ಸರ್ವರು ಕಡತದೊಡನೆ ಇಟ್ಯಾಗ್ ಎಂಬ ಒಂದು ಮೊಹರನ್ನು ಒತ್ತಿ ಕಳುಹಿಸಿರುತ್ತದೆ. ಬಹಳ ಸಂದರ್ಭಗಳಲ್ಲಿ ಈ ಮೊಹರು ಕಡತದೊಳಗಿನ ವಿಷಯದಿಂದಲೇ ಲೆಕ್ಕಹಾಕಿ ತೆಗೆದುದಾಗಿರುತ್ತದೆ. ತಿರುಮಕೂಡಲಿನ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿರುವ ಗುಲಗಂಜಿಯ ಬಲದಿಂದ ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ನಮ್ಮ ಜನ ನಂಬುತ್ತಾರಷ್ಟೆ. ಹಾಗೆಯೇ ಈ ಲೆಕ್ಕದಲ್ಲಿ ಒಂದು ಗುಲಗಂಜಿಯಷ್ಟು ವ್ಯತ್ಯಾಸವಾದರೂ, ಒಂದು ಅಕ್ಷರ ಬದಲಾದರೂ, ಮೊಹರೇ ಬೇರೆಯಾಗುತ್ತದೆ. ಅವಧಿ ತೀರಿದ ಮೇಲೆ ಬ್ರೌಸರು ಆ ಮೊಹರನ್ನು ಹೇಳಿ, ಈಗಲೂ ಇದೇ ಇದೆಯೆ ಎಂದು ಕೇಳುತ್ತದೆ. ಇದ್ದರೆ ಸರ್ವರು ೩೦೪ ಎಂಬ ಸಂಖ್ಯೆಯನ್ನು ಮಾತ್ರ ಉತ್ತರವಾಗಿ ಕೊಡುತ್ತದೆ. ಬದಲಾಗಿಲ್ಲವೆಂದು ಅದರ ಅರ್ಥ. ಬದಲಾಗಿದ್ದರೆ ೨೦೦ ಎಂಬ ಸಂಖ್ಯೆಯೊಡನೆ ಹೊಸ ಕಡತವು ಬರುತ್ತದೆ. ಮೊಹರಿಲ್ಲದ ಕಡತಕ್ಕೆ, ಇಂಥ ದಿನ ಇಂಥ ಹೊತ್ತಿನಿಂದ ಈಚೆಗೆ ಬದಲಾಗಿದೆಯೆ ಎಂದು ಕೇಳುವ ಹಳೆಯ ಕ್ರಮವೂ ಉಂಟು; ಆದರೆ ಅದರ ಗಡಿಯಾರವು ಸೆಕೆಂಡಿಗಿಂತ ಸೂಕ್ಷ್ಮವಾಗಿ ನೋಡಲಾರದು. ೨೦೦ ಕಿಲೋಬೈಟಿನ ಚಿತ್ರವೊಂದನ್ನು ಹತ್ತು ಸಲ ನೋಡಿದರೆ, ಉಗ್ರಾಣವಿಲ್ಲದ ಪಕ್ಷದಲ್ಲಿ ೨,೦೦೦ ಕಿಲೋಬೈಟು ಬೇಕು. ಒಮ್ಮೆ ತಂದು ಒಂಬತ್ತು ಸಲ ಬರಿಯ ವಿಚಾರಣೆ ಮಾಡಿದರೆ, ೨೦೦ರ ಮೇಲೆ ಕೆಲವೇ ಕಿಲೋಬೈಟುಗಳಲ್ಲಿ ಕೆಲಸ ತೀರುತ್ತದೆ.

ಈ ನಿಯಮಗಳು ಒಂದು ದಿನದಲ್ಲಿ ಹುಟ್ಟಿದುವಲ್ಲ. ದಿನಾಂಕದಿಂದ ಕೇಳುವ ಕ್ರಮವು ೧೯೯೬ನೆಯ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ ೧.೦ರ ವಿವರಣೆಯಲ್ಲಿಯೇ ಇತ್ತು. ಮೊಹರಿನ ಕ್ರಮವೂ ಕ್ಯಾಷ್-ಕಂಟ್ರೋಲ್ ಷರಾವೂ ೧೯೯೭ನೆಯ ಜನವರಿಯ ೧.೧ರಲ್ಲಿ ಸೇರಿದುವು. ಈಗ ಜಾರಿಯಲ್ಲಿರುವ ಶಾಸನವು ೨೦೨೨ನೆಯ ಜೂನಿನಲ್ಲಿ ಹೊರಟ ಆರ್‌ಎಫ್‌ಸಿ ೯೧೧೧. ರಾಯ್ ಫೀಲ್ಡಿಂಗ್, ಮಾರ್ಕ್ ನಾಟಿಂಗ್‌ಹ್ಯಾಮ್, ಜೂಲಿಯನ್ ರೆಷ್ಕೆ ಎಂಬ ಮೂವರು ಅದರ ಸಂಪಾದಕರು.

ಷರಾಗಳ ಭಾಷೆಯಲ್ಲಿ ಒಂದು ತೊಡಕುಂಟು. ಬಲ್ಲವರೂ ಇಲ್ಲಿ ಎಡವುವುದುಂಟು. ನೋ-ಕ್ಯಾಷ್ ಎಂಬ ಷರಾವನ್ನು ನೋಡಿದವರು, ಇಟ್ಟುಕೊಳ್ಳಲೇ ಬೇಡವೆಂದು ಹೇಳಿದೆಯೆಂದು ತಿಳಿಯುತ್ತಾರೆ. ಅದರ ಅರ್ಥ ಅದಲ್ಲ: ಇಟ್ಟುಕೋ, ಆದರೆ ಪ್ರತಿಸಲವೂ ಕೇಳಿದ ಹೊರತು ಬಡಿಸಬೇಡ ಎಂದು. ಇಡಲೇ ಬೇಡವೆಂಬುದಕ್ಕೆ ನೋ-ಸ್ಟೋರ್ ಎಂಬುದು ಪ್ರತ್ಯೇಕವಾದ ಮಾತು. ಪ್ರೈವೇಟ್ ಎಂಬುದು ಮೂರನೆಯದು: ಈ ವಸ್ತುವನ್ನು ಈ ಮನೆಯವರ ಸ್ವಂತ ಉಗ್ರಾಣದಲ್ಲಿ ಇಡಬಹುದು, ಹತ್ತಾರು ಮಂದಿಗೆ ಸಾಮಾನ್ಯವಾದ ನಡುದಾರಿಯ ಉಗ್ರಾಣಗಳಲ್ಲಿ ಇಡಕೂಡದು ಎಂದು ಅದರ ತಾತ್ಪರ್ಯ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ವರದಿ ಮುಂತಾದುವನ್ನು ತೋರಿಸುವ ಪುಟಗಳಿಗೆ ನೋ-ಸ್ಟೋರ್ ಎಂಬುದೇ ತಕ್ಕದ್ದು.

ಹಾಗಾದರೆ ವರ್ಷಗಟ್ಟಲೆ ಇಡಬಹುದಾದ ಕಡತವು ನಡುವೆ ಬದಲಾದರೆ ಗತಿಯೇನೆಂಬ ಪ್ರಶ್ನೆ ಏಳುತ್ತದೆ. ಇದಕ್ಕೂ ಪಂಚಾಂಗವೇ ದಾರಿ ತೋರಿಸುತ್ತದೆ. ಹೊದಿಕೆಯ ಮೇಲೆ ಬರಿದೆ ಪಂಚಾಂಗವೆಂದು ಇದ್ದರೆ ಹಳೆಯದಾವುದು ಹೊಸದಾವುದು ಎಂದು ಗೊಂದಲವಾಗುತ್ತಿತ್ತು. ಕ್ರೋಧಿ ಸಂವತ್ಸರದ ಪಂಚಾಂಗ, ವಿಶ್ವಾವಸು ಸಂವತ್ಸರದ ಪಂಚಾಂಗ ಎಂದು ಹೆಸರಿನಲ್ಲಿಯೇ ವರ್ಷವನ್ನು ಸೇರಿಸಿರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಸಂಭವವೇ ಇಲ್ಲ. ನುರಿತ ಪುಟನಿರ್ಮಾಪಕರು ಚಿತ್ರ, ಫಾಂಟು ಮೊದಲಾದ ಕಡತಗಳ ಹೆಸರಿನೊಳಗೆ ಅವುಗಳ ಮೊಹರಿನ ಅಂಕಾಕ್ಷರಗಳನ್ನೇ ಸೇರಿಸುತ್ತಾರೆ. ವಿಷಯ ಬದಲಾದರೆ ಹೆಸರೇ ಬದಲಾಗುತ್ತದೆ. ಹೊಸ ಹೆಸರನ್ನು ಕಂಡ ಬ್ರೌಸರು ಹೊಸ ವಸ್ತುವೆಂದು ತಿಳಿದು ತರಿಸಿಕೊಳ್ಳುತ್ತದೆ. ಇಂಥ ಕಡತಕ್ಕೆ ಒಂದು ವರ್ಷದ ಆಯುಸ್ಸನ್ನು ನಿರ್ಭಯವಾಗಿ ಕೊಡಬಹುದು. ಆ ಹೆಸರುಗಳ ಪಟ್ಟಿಯನ್ನು ಹೊತ್ತ ಮುಖ್ಯಪುಟಕ್ಕೆ ಮಾತ್ರ ನೋ-ಕ್ಯಾಷ್ ಎಂದು ಬರೆದು, ಪ್ರತಿಸಲವೂ ವಿಚಾರಣೆ ನಡೆಯುವಂತೆ ನೋಡಿಕೊಂಡರೆ ಸಾಕು. ವೇಗವೂ ಉಳಿಯಿತು, ಹೊಸತನವೂ ಉಳಿಯಿತು.

ಈಗ ಹೊಳೆಯ ಮಾತಿಗೆ ಬರೋಣ. ಕೇರಳದ ವಯನಾಡಿನಲ್ಲಿ ಸುರಿದ ಮಳೆಯು ಹೆಗ್ಗಡದೇವನಕೋಟೆ ತಾಲ್ಲೂಕು ಬೀಚನಹಳ್ಳಿಯ ಬಳಿ ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯಕ್ಕೆ ಬಂದು ಸೇರುತ್ತದೆ. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ ೨,೨೮೪ ಅಡಿ. ಅಣೆಕಟ್ಟಿನಿಂದ ಬಿಟ್ಟ ನೀರು ಮೊದಲು ನಂಜನಗೂಡನ್ನು ಹಾದು, ಆಮೇಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ೨೦೧೯ನೆಯ ಆಗಸ್ಟಿನಲ್ಲಿ ಹೊರಹರಿವು ಬಹಳವಾಗಿ ಹೆಚ್ಚಿದಾಗ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಸ್ನಾನಘಟ್ಟದ ಹದಿನಾರು ಕಾಲಿನ ಮಂಟಪ ಮುಳುಗಿತು. ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಮೈಸೂರಿನ ಸಂಚಾರ ನಿಂತಿತು. ಇಂಥ ದಿನಗಳಲ್ಲಿ ಹೊರಹರಿವಿನ ಅಂಕಿಯನ್ನು ನೋಡಿಯೇ ಜನರು ದನಕರುಗಳನ್ನು ಬಿಚ್ಚಬೇಕೆ, ಕಾಳುಕಡ್ಡಿಯನ್ನು ಅಟ್ಟಕ್ಕೆ ಏರಿಸಬೇಕೆ, ಹಿರಿಯರನ್ನು ನೆಂಟರ ಮನೆಗೆ ಕಳುಹಿಸಬೇಕೆ ಎಂದು ನಿಶ್ಚಯಿಸುತ್ತಾರೆ. ಮುಂಜಾನೆಯ ಅಂಕಿಗೆ ಒಂದು ದಿನದ ಆಯುಸ್ಸನ್ನು ಯಾರಾದರೂ ಅಜಾಗ್ರತೆಯಿಂದ ಬರೆದುಬಿಟ್ಟರೆ, ಮಧ್ಯಾಹ್ನ ಬಾಗಿಲುಗಳನ್ನು ತೆರೆದು ನೀರು ಬಿಟ್ಟ ಮೇಲೆಯೂ ಫೋನು ಮುಂಜಾನೆಯದನ್ನೇ ತೋರಿಸುತ್ತಿರಬಹುದು. ಸುದ್ದಿಯು ಉಗ್ರಾಣದಲ್ಲಿ ಕುಳಿತಿರುವಾಗ ನೀರು ಕುಳಿತಿರುವುದಿಲ್ಲ.

ಆದುದರಿಂದ ಗೃಹಸ್ಥರು ಮಾಡಬೇಕಾದುದೇನು? ಒಂದನೆಯದಾಗಿ, ನೆನ್ನೆ ತೆರೆದು ಹಾಗೆಯೇ ಬಿಟ್ಟಿದ್ದ ಪುಟವನ್ನೂ, ಹಿಂದಕ್ಕೆ ಹೋಗುವ ಗುಂಡಿಯನ್ನೊತ್ತಿ ಬಂದ ಪುಟವನ್ನೂ ಹೊಸದೆಂದು ನಂಬಕೂಡದು; ಬ್ರೌಸರು ಆಗ ಅವಧಿಯನ್ನು ನೋಡದೆ ಹಿಂದೆ ಕಂಡದ್ದನ್ನೇ ತೋರಿಸಬಹುದು. ಎರಡನೆಯದಾಗಿ, ಪುಟವನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಟ್ಟರೆ ಬ್ರೌಸರು ಆ ಪುಟಕ್ಕಾಗಿ ಸರ್ವರನ್ನು ಪುನಃ ವಿಚಾರಿಸುತ್ತದೆ. ಕಂಪ್ಯೂಟರಿನಲ್ಲಾದರೆ ಸಾಮಾನ್ಯವಾಗಿ ಕಂಟ್ರೋಲ್, ಶಿಫ್ಟ್, ಆರ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಉಗ್ರಾಣದ ಪ್ರತಿಯನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ತರಿಸುತ್ತದೆ. ಮೂರನೆಯದಾಗಿ, ವಾಟ್ಸಾಪಿನಲ್ಲಿ ಬಂದ ಅಂಕಿಯ ಚಿತ್ರವು ಪುಟವೇ ಅಲ್ಲ. ಅದಕ್ಕೆ ಆಯುಸ್ಸೂ ಇಲ್ಲ, ಮೊಹರೂ ಇಲ್ಲ, ವಿಚಾರಿಸಲು ಸರ್ವರೂ ಇಲ್ಲ.

ನಾಲ್ಕನೆಯದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ೩೦೪ ಎಂಬ ಉತ್ತರವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ನಿಮ್ಮಲ್ಲಿರುವ ಪ್ರತಿಯು ಮೂಲದಲ್ಲಿರುವುದಕ್ಕೆ ಸಮನಾಗಿದೆ ಎಂದಷ್ಟೇ ಅದರ ಸಾಕ್ಷ್ಯ. ಮೂಲದಲ್ಲಿರುವುದು ಹೊಳೆಯಲ್ಲಿರುವುದಕ್ಕೆ ಸಮನಾಗಿದೆಯೆಂದಲ್ಲ. ಅಂಕಿಯನ್ನು ಬರೆಯಬೇಕಾದವರು ಬರೆಯದೆ ಬಿಟ್ಟಿದ್ದರೆ, ಯಂತ್ರಗಳು ತಮ್ಮತಮ್ಮೊಳಗೆ ಎಷ್ಟು ಸಲ ವಿಚಾರಿಸಿಕೊಂಡರೂ ಪ್ರತಿಯೊಂದು ಸಲವೂ ಬದಲಾಗಿಲ್ಲವೆಂಬ ಸತ್ಯವನ್ನೇ ನುಡಿಯುತ್ತವೆ, ನಾವು ಮಾತ್ರ ಮೋಸಹೋಗುತ್ತೇವೆ. ಈ ಕೊರತೆಗೆ ಬ್ರೌಸರಿನಲ್ಲಿ ಮದ್ದಿಲ್ಲ. ಅಂಕಿಯ ಪಕ್ಕದಲ್ಲಿ ಮನುಷ್ಯರು ಬರೆದ ದಿನಾಂಕವನ್ನೂ ಗಂಟೆಯನ್ನೂ ಹುಡುಕಿ ನೋಡುವುದೊಂದೇ ದಾರಿ. ದಿನಾಂಕವಿಲ್ಲದ ಅಂಕಿಯನ್ನು ಅಂಕಿಯೆಂದು ಎಣಿಸದೆ, ತಾಲ್ಲೂಕು ಕಚೇರಿಯನ್ನೋ ಪೊಲೀಸು ಠಾಣೆಯನ್ನೋ ವಿಚಾರಿಸುವುದು ಲೇಸು. ಡಂಗುರದವನು ಬಂದು ಸಾರಿದ ಮಾತನ್ನು ಫೋನಿನಲ್ಲಿ ಹಾಗಿಲ್ಲವೆಂದು ತಳ್ಳಿಹಾಕುವುದಂತೂ ಎಂದಿಗೂ ಸಲ್ಲದು.

ಇದೇ ವಿವೇಕವು ಜಮೀನಿನ ಕಾಗದಗಳಿಗೂ ಅನ್ವಯಿಸುತ್ತದೆ. ೨೦೦೦ದ ಸುಮಾರಿನಲ್ಲಿ ಭೂಮಿ ಯೋಜನೆಯು ಬಂದ ಮೇಲೆ ಪಹಣಿಗಳು ಕಂಪ್ಯೂಟರಿಗೆ ಸೇರಿ, ಈಗ ಮನೆಯಲ್ಲಿ ಕುಳಿತೇ ನೋಡುವಂತಾಗಿವೆ. ಆದರೆ ಒಮ್ಮೆ ಇಳಿಸಿಕೊಂಡು ಫೋನಿನಲ್ಲಿ ಉಳಿಸಿದ ಪಹಣಿಯು ಉಗ್ರಾಣದ ವಸ್ತುವಲ್ಲ; ಅದನ್ನು ಯಾವ ಬ್ರೌಸರೂ ತಾನಾಗಿ ಮರುವಿಚಾರಣೆ ಮಾಡುವುದಿಲ್ಲ. ನಡುವೆ ಖಾತೆ ಬದಲಾಗಿರಬಹುದು, ಸಾಲದ ಋಣಭಾರ ಸೇರಿರಬಹುದು. ಮಾರುವವರು ತೋರಿಸಿದ ಪ್ರತಿಯನ್ನು ನಂಬಿ ಮುಂಗಡ ಕೊಡುವ ಮುನ್ನ, ಮೂಲದಿಂದ ಅಂದಿನ ಪ್ರತಿಯನ್ನು ತಾವೇ ತೆಗೆದು ನೋಡುವುದು ವಿಹಿತ.

ಅಂಗಡಿಯ ಅಥವಾ ಸೇವಾಕೇಂದ್ರದ ಸಾಮಾನ್ಯ ಕಂಪ್ಯೂಟರಿನಲ್ಲಿ ತಮ್ಮ ಖಾಸಗಿ ಪುಟಗಳನ್ನು ನೋಡುವವರು ಇನ್ನೊಂದು ಎಚ್ಚರಿಕೆಯನ್ನು ವಹಿಸಬೇಕು. ಪುಟದವರು ನೋ-ಸ್ಟೋರ್ ಎಂದು ಬರೆಯದೆ ಬಿಟ್ಟಿದ್ದರೆ ನಿಮ್ಮ ಪುಟದ ತುಣುಕುಗಳು ಆ ಉಗ್ರಾಣದಲ್ಲಿ ಉಳಿಯಬಹುದು. ಬ್ರೌಸರಿನ ಗುಪ್ತ ಕಿಟಕಿಯನ್ನು ತೆರೆದು ಕೆಲಸ ಮಾಡಿ, ಮುಗಿದ ಮೇಲೆ ಲಾಗೌಟ್ ಆಗಿ ಆ ಕಿಟಕಿಯನ್ನು ಮುಚ್ಚಿದರೆ ಅದರ ಉಗ್ರಾಣವೂ ಬರಿದಾಗುತ್ತದೆ. ಇಳಿಸಿಕೊಂಡ ಕಾಗದಗಳು ಮಾತ್ರ ಹಾಗೆಯೇ ಉಳಿಯುವುದರಿಂದ, ಅವನ್ನು ಕೈಯಾರೆ ಅಳಿಸಬೇಕು.

ಕಡೆಯದಾಗಿ, ಪುಟ ಸರಿಯಾಗಿ ಕಾಣಲಿಲ್ಲವೆಂದ ಕೂಡಲೆ ಕ್ಯಾಷ್ ಅಳಿಸಿರೆಂದು ಎಲ್ಲರೂ ಹೇಳುವುದನ್ನು ಕೇಳಿದ್ದೇವೆ. ಹಳೆಯ ಬರೆಹವೂ ಹೊಸ ಅಲಂಕಾರವೂ ಬೆರೆತು ಪುಟ ಕೆಟ್ಟಾಗ ಈ ಮದ್ದು ಗುಣಕೊಡುವುದು ನಿಜ. ಅಳಿಸುವಾಗ ಸಂಗ್ರಹಿಸಿದ ಚಿತ್ರಗಳು ಮತ್ತು ಕಡತಗಳು ಎಂಬುದನ್ನು ಮಾತ್ರ ಗುರುತುಮಾಡಬೇಕು. ಕುಕಿಗಳನ್ನೂ ಸೇರಿಸಿ ಅಳಿಸಿದರೆ ಎಲ್ಲ ಕಡೆಯೂ ಮತ್ತೆ ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬೇಕಾಗುತ್ತದೆ. ದಿನವೂ ಅಳಿಸುವ ಅಭ್ಯಾಸವಂತೂ ಬೇಡ. ಒಂದು ಪಾತ್ರೆಯ ಸಾರು ಹಳಸಿತೆಂದು ಉಪ್ಪಿನಕಾಯಿಯ ಜಾಡಿಯನ್ನೂ ಬೀದಿಗೆ ಸುರಿಯುವ ಗೃಹಿಣಿಯನ್ನು ನಾವು ಎಲ್ಲಿಯೂ ಕಂಡಿಲ್ಲ.

ಈ ಮುಂಗಾರಿಗೆ ಮುಂಚೆ ಮನೆಯವರೆಲ್ಲ ಒಂದು ಸಂಜೆ ಕುಳಿತು, ಜಲಾಶಯದ ಮಟ್ಟವನ್ನು ತಿಳಿಸುವ ಪುಟವೊಂದನ್ನು ತೆರೆದು, ಅದರಲ್ಲಿ ದಿನಾಂಕವೂ ಗಂಟೆಯೂ ಎಲ್ಲಿರುವುವೆಂದು ಮಕ್ಕಳಿಗೂ ಹಿರಿಯರಿಗೂ ತೋರಿಸಿಕೊಡಲಿ. ಪುಟವನ್ನು ಎಳೆದು ಹೊಸದು ಮಾಡುವುದನ್ನು ಅವರ ಕೈಯಿಂದಲೇ ಮಾಡಿಸಲಿ. ಜೊತೆಗೆ ತಾಲ್ಲೂಕು ಕಚೇರಿಯ ದೂರವಾಣಿ ಸಂಖ್ಯೆಯನ್ನು ಪಂಚಾಂಗದ ಹೊದಿಕೆಯ ಮೇಲೆ ಬರೆದು ಗೋಡೆಗೆ ತೂಗುಹಾಕಲಿ. ನೆಟ್‌ವರ್ಕು ನಿಂತ ದಿನ ಅದೇ ಕೈಗೆ ಸಿಕ್ಕುವುದು.